ಗೋರೆ ದ್ವೀಪದ ಪ್ರತಿನಿಧಿ

ಹದಿನೆಂಟು ತುಂಬಿದ ಮೇಲೆ ನಾನೂ ಮತ ಹಾಕಿದೆ. ಅದಕ್ಕಾಗಿ ಯಾರನ್ನೂ ಬೇಡಲಿಲ್ಲ, ಏನನ್ನೂ ತೆರಲಿಲ್ಲ; ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದೆ, ಅಷ್ಟೆ. ತನ್ನ ಜನರಿಗೆ ಈ ಹಕ್ಕನ್ನು ಗಟ್ಟಿಮಾಡಿಕೊಡಲು ಸಿಪಾಯಿಗಳನ್ನು ಬೆಲೆಯಾಗಿ ತೆತ್ತವನೊಬ್ಬನ ಚರಿತ್ರೆಯನ್ನು ಓದಿದಂದಿನಿಂದ ಮಾತ್ರ ನನ್ನ ಮನಸ್ಸು ತೂಗುಯ್ಯಾಲೆಯಾಗಿದೆ.

ಆತ ಸೆನೆಗಾಲಿನ ಬ್ಲೇಸ್ ದ್ಯಾನ್ಯ. ಡಾಕರ್ ಪಟ್ಟಣಕ್ಕೆದುರಾಗಿ ಕಡಲಿನಲ್ಲಿರುವ ಗೋರೆ ಎಂಬ ಪುಟ್ಟ ದ್ವೀಪದಲ್ಲಿ 1872ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದವನು. ಅನುಕೂಲಸ್ಥ ಮನೆತನವೊಂದು ಸಾಕಿ ಓದಿಸಿತು. ಫ್ರೆಂಚರ ಸುಂಕದ ಇಲಾಖೆಯನ್ನು ಸೇರಿ ದಾಹೋಮಿ, ಕಾಂಗೋ, ಮಡಗಾಸ್ಕರ್ ಎಂದು ವರ್ಷಗಟ್ಟಲೆ ವರ್ಗವಾಗುತ್ತ ತಿರುಗಿದ.

ಸೆನೆಗಾಲಿನ ನಾಲ್ಕೇ ಪಟ್ಟಣಗಳವರಿಗೆ ಪ್ಯಾರಿಸ್ಸಿನ ಶಾಸನಸಭೆಗೆ ಒಬ್ಬ ಸದಸ್ಯನನ್ನು ಆರಿಸುವ ಅಧಿಕಾರವಿತ್ತು. ಬಿಳಿಯರೂ ಮಿಶ್ರ ಕುಲದವರೂ ಕೂಡುತ್ತಿದ್ದ ಆ ಸ್ಥಾನವನ್ನು 1914ರಲ್ಲಿ ದ್ಯಾನ್ಯ ಗೆದ್ದ. ಆ ಸಭೆಗೆ ಆಯ್ಕೆಯಾದ ಮೊದಲ ಕಪ್ಪು ಆಫ್ರಿಕನ್ ಆತನೇ. ಮತವಿದ್ದರೂ ಆ ಪಟ್ಟಣಿಗರು ಪೂರ್ಣ ಪೌರರು ಹೌದೋ ಅಲ್ಲವೋ ಎಂಬುದು ಇತ್ಯರ್ಥವಾಗಿರಲಿಲ್ಲ. ಅಷ್ಟರಲ್ಲಿ ಮಹಾಯುದ್ಧ ಬಂದಿತು. ನಮ್ಮವರನ್ನು ಫ್ರೆಂಚರ ಸರಿಸಮನಾಗಿ ಸೈನ್ಯಕ್ಕೆ ತೆಗೆದುಕೊಳ್ಳಿ ಎಂದು 1915ರಲ್ಲಿ ಒಂದು ಕಾನೂನು ಮಾಡಿಸಿದ. ಹಾಗೆ ಕಾದುವವರು ಪೌರರಲ್ಲದೆ ಮತ್ತೇನು ಎಂದು 1916ರಲ್ಲಿ ಇನ್ನೊಂದು. ಎಂಥ ಜಾಣತನ! ಮುಸಲ್ಮಾನರು ತಮ್ಮ ವಿವಾಹ, ವಾರಸುಗಳ ಕಟ್ಟಳೆಯನ್ನು ಬಿಡದೆಯೇ ಫ್ರೆಂಚ್ ಪೌರರಾದರು. ಇಲ್ಲಿಯವರೆಗೆ ಆತನನ್ನು ಮೆಚ್ಚದಿರಲು ನನಗೆ ಕಾರಣ ಕಾಣದು.

1918ರಲ್ಲಿ ಕ್ಲೆಮಾಂಸೋ ಆತನನ್ನು ಪಶ್ಚಿಮ ಆಫ್ರಿಕಕ್ಕೆ ಸೈನ್ಯ ಕೂಡಿಸಲು ಕಳುಹಿಸಿದ. ಇದನ್ನೊಪ್ಪದ ಗವರ್ನರ್ ಜನರಲ್ ವಾನ್ ವೊಲೆನ್‌ಹೋವೆನ್ ಹುದ್ದೆ ಬಿಟ್ಟು ರಣರಂಗಕ್ಕೆ ಹೋಗಿ ಅದೇ ವರ್ಷ ಮಡಿದ. ದ್ಯಾನ್ಯ ಊರೂರು ತಿರುಗಿ 60,000ಕ್ಕೂ ಮಿಕ್ಕಿ ಜನರನ್ನು ಕೂಡಿಸಿದ. ಅವರಲ್ಲಿ ಹೆಚ್ಚಿನವರು ನಾಲ್ಕು ಪಟ್ಟಣಗಳವರಲ್ಲ. ಮತವೂ ಇಲ್ಲದ, ಪೌರತ್ವವೂ ಇಲ್ಲದ ಹಳ್ಳಿಗರು. ಹಕ್ಕು ಪಡೆದವರು ಒಬ್ಬರು, ತೆತ್ತವರು ಇನ್ನೊಬ್ಬರು. ನನ್ನನ್ನು ಕೊರೆಯುವುದು ಇದೇ.

ಆದರೂ ದ್ರೋಹಿ ಎನ್ನಲು ನಾಲಿಗೆ ಏಳದು. ಅದೇ 1918ರಲ್ಲಿ ಗಾಂಧೀಜಿಯವರೂ ಬ್ರಿಟಿಷರ ಸೈನ್ಯಕ್ಕೆ ಜನರನ್ನು ಕರೆಯುತ್ತ ಖೇಡಾದ ಹಳ್ಳಿಗಳಲ್ಲಿ ಬಳಲಿರಲಿಲ್ಲವೇ? ಇಬ್ಬರ ದಾರಿಯೂ ಬೇರೆಯಾದದ್ದು ಆಮೇಲೆ. 1930ರಲ್ಲಿ ಗಾಂಧೀಜಿ ದಂಡಿಯಲ್ಲಿ ಉಪ್ಪು ಹಿಡಿದರು; ಅದೇ ವರ್ಷ ಜಿನೀವದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನದಲ್ಲಿ ದ್ಯಾನ್ಯ ಫ್ರಾನ್ಸಿನ ಪರವಾಗಿ ನಿಂತು ವಸಾಹತುಗಳ ಬಿಟ್ಟಿ ದುಡಿಮೆಯನ್ನು ಸಮರ್ಥಿಸಿದ. ಯುದ್ಧದ ತುರ್ತು ಎಂಬ ನೆವವೂ ಆಗ ಇರಲಿಲ್ಲ. ಇದೊಂದನ್ನು ನಾನು ಕ್ಷಮಿಸಲಾರೆ. ಮರುವರ್ಷ ವಸಾಹತು ಖಾತೆಯ ಉಪಮಂತ್ರಿಯಾದ. 1934ರಲ್ಲಿ ತೀರಿಕೊಳ್ಳುವವರೆಗೂ ಸದಸ್ಯನಾಗಿಯೇ ಇದ್ದ.

ಡಾಕರಿನ ಬಳಿ 2017ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ ಆತನ ಹೆಸರಿಟ್ಟಿದ್ದಾರೆ. ಆತ ಕೂಡಿಸಿದ ಸಿಪಾಯಿಗಳ ಹಳ್ಳಿಗಳಿಗೆ ಪೌರತ್ವ ಬಂದದ್ದು 1946ರಲ್ಲಿ, ಲಾಮಿನ್ ಗೇಯ್ ಎಂಬ ಇನ್ನೊಬ್ಬ ಸೆನೆಗಾಲಿ ಸದಸ್ಯ ತಂದ ಕಾನೂನಿನಿಂದ.