ಗೋಲು ಬಾರದ ದಿನ

ಕೊಲ್ಹಾಪುರದಲ್ಲಿ ಫುಟ್‌ಬಾಲ್ ಎಂಬುದು ಪೇಟೆಪೇಟೆಯ ಮಾನದ ಮಾತು. ಪಾಟಾಕಡಿಲ್, ದಿಲ್‌ಬಹಾರ್ ಮೊದಲಾದ ತಂಡಗಳು ಇಂದಿಗೂ ತಾಲೀಮುಗಳ ಹೆಸರನ್ನೇ ಹೊತ್ತಿವೆ. ಆಟದ ಹುಚ್ಚಿನಲ್ಲಿ ನಮ್ಮ ಗಡಹಿಂಗ್ಲಜವೂ ಹಿಂದೆ ಬಿದ್ದಿಲ್ಲ. ಆದುದರಿಂದಲೇ 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿಗೆ ಕೊಲ್ಹಾಪುರದ ಅನಿಕೇತ ಜಾಧವ ಮುಂಚೂಣಿಯ ಆಟಗಾರನಾಗಿ ಆಯ್ಕೆಯಾದಾಗ ನಮಗಾದ ಹಿಗ್ಗು ಅಷ್ಟಿಷ್ಟಲ್ಲ.

ಆದರೆ ಭಾರತ ಅಮೆರಿಕಕ್ಕೆ 0-3, ಕೊಲಂಬಿಯಕ್ಕೆ 1-2, ಘಾನಾಕ್ಕೆ 0-4ರಿಂದ ಸೋತಿತು. ಬಂದ ಒಂದೇ ಗೋಲು ಮಣಿಪುರದ ಜೀಕ್ಸನ್ ಸಿಂಗನದು. ನಮ್ಮ ಹುಡುಗ ಒಂದಾದರೂ ಹೊಡೆಯಬಾರದಾಗಿತ್ತೆ ಎಂಬ ಕೊರಗು ಅನೇಕರಂತೆ ನನ್ನನ್ನೂ ಕಾಡಿತು.

ಶಿಕ್ಷಕನಾದ ನನಗೆ ಈ ಕೊರಗಿನ ಪರಿಚಯ ಹಳೆಯದು. ಕರಿಹಲಗೆಯ ಮುಂದೆ ತಡವರಿಸುವ ಬಾಲಕನಿಗೆ ಹಿಂದಿನಿಂದ ಹತ್ತು ಜನ ಉತ್ತರ ಕೂಗಿದರೆ, ಬರುವ ಲೆಕ್ಕವೂ ಮರೆತುಹೋಗುತ್ತದೆ. ಮುಂಚೂಣಿಯ ಆಟಗಾರನ ಪಾಡು ಇನ್ನೂ ಕಠಿಣ. ಹಿಂದಿನವರು ಚೆಂಡು ಒದಗಿಸಿದರೆ ತಾನೆ ಅವನ ಕಾಲಿಗೆ ಕೆಲಸ? ಮೂರು ಪಂದ್ಯಗಳಲ್ಲಿ ಒಂಬತ್ತು ಗೋಲು ಬಿಟ್ಟುಕೊಟ್ಟ ತಂಡ ತನ್ನ ಗೋಲು ಕಾಯುವುದರಲ್ಲೇ ದಣಿದಿತ್ತು. ಹದಿನೇಳರ ಹುಡುಗನ ಮೇಲೆ ಊರಿನ ಮಾನವನ್ನೆಲ್ಲ ಹೊರಿಸಿ ತೊಂಬತ್ತು ನಿಮಿಷಗಳಲ್ಲಿ ಲೆಕ್ಕ ಕೇಳುವುದು ನ್ಯಾಯವೆ?

ಅನಿಕೇತ ಆಟ ಬಿಡಲಿಲ್ಲ. 2021ರಲ್ಲಿ ಹೈದರಾಬಾದ್ ತಂಡವನ್ನು ಸೇರಿದನು. ಮರುವರ್ಷ ಆ ತಂಡ ಇಂಡಿಯನ್ ಸೂಪರ್ ಲೀಗ್ ಗೆದ್ದಿತು.

ಬಂಧುಗಳೇ, ಕೊಲ್ಹಾಪುರವಿರಲಿ, ಇಚಲಕರಂಜಿಯಿರಲಿ, ನಿಮ್ಮ ಓಣಿಯ ಹುಡುಗ ಗೋಲು ತಪ್ಪಿಸಿದ ದಿನ ಅವನನ್ನು ಊಟಕ್ಕೆ ಕರೆಯಿರಿ. ಪಂದ್ಯದ ಮಾತು ನಾಳೆಗಿರಲಿ.