ಬುದ್ಯೋರು ಹೇಳವ್ರೆ

2023ರಲ್ಲಿ ಮಿಜೋರಾಂ ವಿಧಾನಸಭೆಯ ಮತ ಎಣಿಕೆ ಡಿಸೆಂಬರ್ 3ಕ್ಕೆ ನಿಗದಿಯಾಗಿತ್ತು. ಅದು ಭಾನುವಾರ. ಅಲ್ಲಿ ಭಾನುವಾರವೆಂದರೆ ಚರ್ಚು. ಚುನಾವಣಾ ಆಯೋಗ ಎಣಿಕೆಯನ್ನು ಸೋಮವಾರಕ್ಕೆ ಹಾಕಿತು. ಮತದಾನದ ಪ್ರಮಾಣದ ಮೇಲೆ ಪಿಎಚ್‌.ಡಿ ಮಾಡುತ್ತಿರುವ ನನಗೆ ಈ ಸುದ್ದಿ ಓದಿದಾಗಿನಿಂದ ಮಿಜೋರಾಂ ಗುಂಗು ಹಿಡಿದಿದೆ.

2011ರ ಜನಗಣತಿಯಂತೆ ಅಲ್ಲಿ ಶೇ 87ರಷ್ಟು ಜನ ಕ್ರೈಸ್ತರು. 2006ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನ ಮುಂದಾಳತ್ವದಲ್ಲಿ ಮಿಜೋರಾಂ ಪೀಪಲ್ಸ್ ಫೋರಂ ಹುಟ್ಟಿತು. ಚುನಾವಣೆ ಬಂತೆಂದರೆ ಅದು ಪಕ್ಷಗಳಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತದೆ: ಮನೆಮನೆ ಪ್ರಚಾರ ಬೇಡ, ಊಟ ಹಾಕಿಸುವುದು ಬೇಡ, ಬ್ಯಾನರು ಮಿತಿಯಲ್ಲಿರಲಿ. ಎಲ್ಲ ಅಭ್ಯರ್ಥಿಗಳೂ ಒಂದೇ ವೇದಿಕೆ ಹತ್ತಿ ಸರದಿಯಂತೆ ಮಾತಾಡಬೇಕು. ನಮ್ಮ ಕಡೆಯ ಪುಢಾರಿಗಳಿಗೆ ಅಲ್ಲಿ ಕೆಲಸವೇ ಇರಲಾರದು. ಮನೆ ಬಾಗಿಲಿಗೆ ಹೋಗಿ ಕರೆದರೆ ಮತದಾನ ಹೆಚ್ಚುತ್ತದೆ ಎಂದು ನಾವು ತರಗತಿಯಲ್ಲಿ ಓದುತ್ತೇವೆ. ಇಷ್ಟು ಸದ್ದಿಲ್ಲದ ಮಿಜೋರಾಂನಲ್ಲಿ 2018, 2023 ಎರಡರಲ್ಲೂ ಮತದಾನ ಶೇ 80 ದಾಟಿತು.

ತುಮಕೂರು ಕಡೆಯ ನಮ್ಮ ಅಜ್ಜಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಆಕೆ ಒಂದು ಚುನಾವಣೆಯನ್ನೂ ತಪ್ಪಿಸಿಕೊಂಡವಳಲ್ಲ. ಯಾಕಜ್ಜಿ ಅಂದರೆ, "ಬುದ್ಯೋರು ಹೇಳವ್ರೆ, ಹಾಕ್ಬೇಕು" ಅನ್ನುತ್ತಾಳೆ. ಯಾರಿಗೆ ಹಾಕಬೇಕೆಂದೂ ಮಠದಿಂದ ಹೇಳಿದ್ದರೋ ಏನೋ, ಅದನ್ನು ಬಾಯಿಬಿಡುವವಳಲ್ಲ. ಬೆಂಗಳೂರಿನಲ್ಲಿ 2023ರಲ್ಲಿ ಶೇ 54ರ ಆಸುಪಾಸು ಆಯಿತು ಅಂದಾಗ, "ಅಲ್ಲಿ ಹೇಳೋರು ಯಾರೂ ಇಲ್ವೇನೋ ಪಾಪ" ಅಂದಳು.

ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಂ, ಧರ್ಮದ ಹೆಸರಿನಲ್ಲಿ ಇಂಥವರಿಗೆ ಮತ ಹಾಕಿ, ಹಾಕಬೇಡಿ ಎಂದು ಅಭ್ಯರ್ಥಿಯ ಕಡೆಯವರು ಕೇಳುವುದನ್ನು ಭ್ರಷ್ಟಾಚಾರವೆನ್ನುತ್ತದೆ. ಸುಮ್ಮನೆ "ಹೋಗಿ ಮತ ಹಾಕಿ" ಅನ್ನುವ ಗುರುವಿಗೆ ಅದರ ತಡೆಯಿಲ್ಲ, ಇರಲೂಬಾರದು. ಆದರೂ ಮಿಜೋರಾಂನ ಆ ಶಿಸ್ತನ್ನು ಪೂರ್ತಿ ಮೆಚ್ಚಲು ನನ್ನಿಂದಾಗುತ್ತಿಲ್ಲ. ಅಲ್ಲಿನ ಮತದಾರರಲ್ಲಿ ಹೆಂಗಸರೇ ಹೆಚ್ಚು. 2018ರಲ್ಲಿ ನಲವತ್ತು ಕ್ಷೇತ್ರಗಳಲ್ಲಿ ಒಬ್ಬ ಹೆಂಗಸೂ ಗೆಲ್ಲಲಿಲ್ಲ. 2023ರಲ್ಲಿ ಗೆದ್ದವರು ಮೂವರು. ಇದಕ್ಕೆ ಚರ್ಚೇ ಕಾರಣ ಅನ್ನಲಾರೆ. ಆದರೆ ಸಾಲಿನಲ್ಲಿ ನಿಲ್ಲಿಸುವ ಬಲ ಇರುವವರಿಗೆ, ಸಾಲಿನಲ್ಲಿ ನಿಂತವರು ವೇದಿಕೆಯ ಮೇಲೆ ಯಾಕಿಲ್ಲ ಎಂದು ಕೇಳುವ ಬಲವೂ ಇರಬೇಕಲ್ಲ? ನಮ್ಮ ಮಠಗಳಿಗೂ ಇದೇ ಪ್ರಶ್ನೆ.

ನನ್ನ ಪ್ರಶ್ನಾವಳಿಯಲ್ಲಿ "ಮತ ಹಾಕಲು ನಿಮಗೆ ಯಾರು ಹೇಳಿದರು?" ಎಂಬುದೊಂದಿತ್ತು. ಅದರ ಕೆಳಗೆ ಈಗ "ಅವರು ಹೇಳದಿದ್ದರೂ ಹೋಗುತ್ತಿದ್ದಿರಾ?" ಎಂದು ಸೇರಿಸಿದ್ದೇನೆ. ಇದಕ್ಕೆ ಯಾರೂ ನಿಜ ಹೇಳುವುದಿಲ್ಲ, ತೆಗೆದುಹಾಕು ಅನ್ನುತ್ತಾರೆ ನಮ್ಮ ಗೈಡು. ಇನ್ನೂ ತೆಗೆದಿಲ್ಲ.