ಬ್ರೇಕ್ ಹಿಡಿದ ಲಾರಿ

ಸೌದಿ–ಬಹ್ರೈನ್ ನಡುವೆ 1986ರಲ್ಲಿ ತೆರೆದ 25 ಕಿಲೋಮೀಟರ್ ಉದ್ದದ ಕಿಂಗ್ ಫಹಾದ್ ಸೇತುವೆ ದಾಟಿ, ಕಳೆದ ಬೇಸಿಗೆಯಲ್ಲಿ ನಾವು ಮನೆಗೆ ಮರಳುತ್ತಿದ್ದೆವು. ಜಸ್ರಾ ಬಳಿ ದೊಡ್ಡ ಲಾರಿಯೊಂದು ನಿಂತಿತ್ತು. ಪಕ್ಕದಲ್ಲಿದ್ದವರು ನಮ್ಮಲ್ಲಿ ಬಿ.ಪಿ. ಮಾತ್ರೆ ಬರೆಸಿಕೊಳ್ಳುವ ಕುಂದಾಪುರದ ಚಾಲಕರು!

"ಬ್ರೇಕ್ ಬಿಡ್ತಾ ಇಲ್ಲ ಮಾರಾಯ್ರೆ" ಎಂದರು. ಎಂಜಿನ್ ಓಡುತ್ತಿದ್ದರೂ ಗಾಳಿಯ ಮುಳ್ಳು ಮೇಲೇರುತ್ತಿರಲಿಲ್ಲ. ಚಕ್ರಕ್ಕೆ ಅಡ್ಡ ಕೊಟ್ಟು, ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಸವರುತ್ತಾ ಹೋದರು. ಒಂದು ಕಡೆ ಗುಳ್ಳೆ ಎದ್ದಿತು. ಗಾಳಿಯ ಒತ್ತಡ ಇಳಿದರೆ ಒಳಗಿನ ಸ್ಪ್ರಿಂಗ್ ತಾನಾಗಿ ಬ್ರೇಕ್ ಹಿಡಿಯುತ್ತದಂತೆ. ಸ್ಪ್ರಿಂಗನ್ನೇ ಬೋಲ್ಟಿನಿಂದ ಬಿಗಿದು ಓಡಿಸುವವರೂ ಉಂಟಂತೆ. "ಜೀವ ಕಾಯೋದೇ ಅದು. ಸೋರೋದು ಎಲ್ಲಿ ಅಂತ ಹುಡುಕದೆ ಬಿಡಿಸಬಾರ್ದು" ಎಂದರು.

"ನಿಮ್ಮ ಲಾರಿ ಪುಣ್ಯವಂತ. ಒತ್ತಡ ತಪ್ಪಿದರೆ ನಿಂತು ತಿಳಿಸುತ್ತದೆ. ನಮ್ಮ ಮೈಯಲ್ಲಿ ಬಿ.ಪಿ. ಏರಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ" ಎಂದೆವು.

"ಹಾಗಾದ್ರೆ ನಿಮ್ಮದು ಯಾರು ನೋಡ್ತಾರೆ ಡಾಕ್ಟ್ರೇ?"

ಉತ್ತರವಿರಲಿಲ್ಲ. ನೋಡಿಸಿ ಎರಡು ವರ್ಷವಾಗಿತ್ತು. ಮನೆಗೆ ಬಂದು ಒಂದು ವಾರ ನೋಡಿದೆವು, 160/100ರಿಂದ ಕೆಳಗಿಳಿಯಲಿಲ್ಲ. ಈಗ ನಮಗೂ ದಿನಕ್ಕೊಂದು ಮಾತ್ರೆ.

ಓದುಗ ಮಿತ್ರರೇ, ನೀವು ನೋಡಿಸಿ ಎಷ್ಟು ದಿನವಾಯಿತು?